ಸಿಸೇರಿಯನ್ ಆದ ಕೂಡಲೇ ಮಗು ಅಮ್ಮನ ಎದೆ ಮೇಲೆ

ಸಿಸೇರಿಯನ್ ಅಂತ ಮೊದಲೇ ಗೊತ್ತಿದ್ದರೆ, ಮಗುವನ್ನು ಥಿಯೇಟರ್‌ನಲ್ಲೇ ಎದೆ ಮೇಲೆ ಮಲಗಿಸಬಹುದಾ ಎಂದು ಡಾಕ್ಟರನ್ನು ಕೇಳಿಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ನಲ್ಲಿ ತಾಯಿಗೆ ಎಚ್ಚರ ಇರುತ್ತದೆ. ಇಬ್ಬರೂ ಚೆನ್ನಾಗಿದ್ದರೆ ಇದು ಆಗುವ ಕೆಲಸವೇ. ಎದೆಬಡಿತ ನೋಡುವ ಇಸಿಜಿ ಪಟ್ಟಿಗಳನ್ನು ಎದೆಯ ಮಧ್ಯೆ ಬಿಟ್ಟು ಪಕ್ಕಕ್ಕೆ ಅಂಟಿಸಲು, ಡ್ರಿಪ್ಪನ್ನು ನೀವು ಜಾಸ್ತಿ ಬಳಸದ ಕೈಗೆ ಹಾಕಲು ಹೇಳಿ. ಮಗುವನ್ನು ಹಿಡಿಯಲು ಒಂದು ಕೈಯಾದರೂ ಬಿಡುವಾಗಿರಬೇಕು ಅಲ್ವಾ? ಬರೀ ಮೈಯ ಮಗುವನ್ನು ಎದೆಗೆ ಅಡ್ಡಲಾಗಿ ಮಲಗಿಸಿ, ಮೇಲೆ ಬೆಚ್ಚಗಿನ ಬಟ್ಟೆ ಹೊದಿಸುತ್ತಾರೆ. ಎಚ್ಚರವಿದ್ದರೂ ತಾಯಿಗೆ ಮಂಪರು ಬರಬಹುದು, ಹಾಗಾಗಿ ಮಗುವಿನ ಮೂಗು, ಬಾಯಿ ಮುಚ್ಚದಂತೆ ಒಬ್ಬರು ನೋಡುತ್ತಲೇ ಇರಬೇಕು. ಅಮ್ಮನಿಗೆ ಆಗದಿದ್ದರೆ ಅಪ್ಪ ಅಂಗಿ ಬಿಚ್ಚಿ ಎದೆಗೆ ಹಾಕಿಕೊಳ್ಳಲಿ, ಸುಮ್ನೆ ತೊಟ್ಟಿಲಲ್ಲಿ ಬಿಡಬೇಡಿ. ಹಾಲು ಕೊಡುವಾಗ ಮಗುವನ್ನು ಪಕ್ಕದಲ್ಲಿ, ಕಂಕುಳ ಕೆಳಗೆ ಹಿಡಿದರೆ ಹೊಲಿಗೆ ಮೇಲೆ ಭಾರ ಬೀಳುವುದಿಲ್ಲ.