ಟ್ರಂಕ್ ತಳದಲ್ಲಿ ಸಿಕ್ಕ ಉಣ್ಣೆಯ ಈಜುಡುಗೆ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಗೆ ಹಳೇ ಟ್ರಂಕ್ ನೋಡಲು ಹೋಗಿದ್ದೆ. ತಳದಲ್ಲಿ ಪೇಪರ್ ಸುತ್ತಿದ ಕಡುನೀಲಿ ಬಟ್ಟೆ ಇತ್ತು. ಮಗುವಿನ ಸ್ವೆಟರ್ ಅಂದುಕೊಂಡೆ. ಬಿಡಿಸಿದರೆ ತೋಳೇ ಇಲ್ಲ. ಕೆಳಗೆ ಚಡ್ಡಿ, ಅದರ ಮೇಲೆ ಪುಟ್ಟ ಲಂಗದಂಥ ಅಂಚು, ಒಂದು ಭುಜದ ಮೇಲೆ ಎರಡು ಗುಂಡಿ. ಉಣ್ಣೆಯ ಈಜುಡುಗೆ!

‘ಟ್ರಂಕ್ ಜೊತೆಗೇ ತಗೊಂಡ್ಹೋಗಿ ಅಕ್ಕ’ ಅಂದರು ಅಂಗಡಿಯವರು.

ನಮ್ಮೂರಲ್ಲಿ ಇಂಥದ್ದು ಸಿಗುವುದು ಅಪರೂಪವೇನಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಬಂತು. ಜೊತೆಗೆ ಇಂಗ್ಲಿಷರ ಬಂಗಲೆ, ಕ್ಲಬ್ಬುಗಳೂ ಬಂದವು. 2001ರಲ್ಲಿ ಗಣಿಯೇ ಮುಚ್ಚಿತು. ಅವರ ಕಾಲದ ಸಾಮಾನು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ.

ಇಪ್ಪತ್ತು ವರ್ಷದಿಂದ ಸ್ವೆಟರ್ ಹೆಣೆಯುವ ನನಗೆ ಮೊದಲು ಕಂಡದ್ದು ಹೆಣಿಗೆ. ಒಂದು ಕುಣಿಕೆ ಸೀದಾ, ಒಂದು ಉಲ್ಟಾ. ಸ್ವೆಟರಿನ ಮುಂಗೈಗೆ ಹಾಕ್ತೀವಲ್ಲ, ಅದೇ ಪಟ್ಟಿ ಹೆಣಿಗೆ. ಎಳೆದರೆ ಹಿಗ್ಗುತ್ತೆ, ಬಿಟ್ಟರೆ ಕೂಡಿಕೊಳ್ಳುತ್ತೆ. ಆಗ ಲೈಕ್ರಾ ಅನ್ನೋ ಹಿಗ್ಗುವ ದಾರ ಎಲ್ಲಿತ್ತು? ಅದು ಬಂದದ್ದು 1958ರಲ್ಲಿ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 1913ರಲ್ಲಿ ದೋಣಿ ಹುಟ್ಟು ಹಾಕುವವರೊಬ್ಬರು, ಮುಂಗೈ ಪಟ್ಟಿಯ ಹೆಣಿಗೆಯಲ್ಲೇ ಚಡ್ಡಿ ಮಾಡಿಕೊಡಿ ಅಂತ ಒಂದು ಸ್ವೆಟರ್ ಕಂಪನಿಯನ್ನು ಕೇಳಿದರಂತೆ. ಮುಂದೆ ಜಾಂಟ್ಜೆನ್ ಎಂದು ಹೆಸರಾದ ಆ ಕಂಪನಿಯ ಈಜುಡುಗೆ ಹುಟ್ಟಿದ್ದು ಹಾಗೆ. ದಾರಕ್ಕೆ ಇಲ್ಲದ ಹಿಗ್ಗನ್ನು ಬರೀ ಹೆಣಿಗೆಯಿಂದ ತಂದರಲ್ಲ, ನನಗೆ ಅದೇ ದೊಡ್ಡ ಕಸುಬು.

ಸೊಂಟದ ಹತ್ತಿರ ನುಸಿ ತಿಂದು ಏಳು ತೂತಾಗಿದ್ದವು. ಒಂದು ಕಡೆ ಕುಣಿಕೆ ಬಿಚ್ಚಿ ಏಣಿಯ ಹಾಗೆ ಕೆಳಗಿಳಿದಿತ್ತು. ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಟ್ಟೆ. ನುಸಿಯ ಮೊಟ್ಟೆ ಉಳಿದಿದ್ದರೆ ನನ್ನ ಬೀರುವಿನ ಉಲ್ಲನ್ ಎಲ್ಲಾ ಹೋಗುತ್ತಿತ್ತು.

ಒಗೆಯುವಾಗ ಕೈ ನಡುಗಿತು. ಹಿಂದೆ ಅಪ್ಪನ ಸ್ವೆಟರನ್ನು ಬಿಸಿನೀರಲ್ಲಿ ಉಜ್ಜಿ ಹಾಳು ಮಾಡಿದ್ದೆ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆ ಇರುತ್ತವೆ. ಬಿಸಿ ತಾಗಿ, ಉಜ್ಜಾಟವೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತೆ. ಅಪ್ಪ ಏನೂ ಅನ್ನಲಿಲ್ಲ. ನಾನು ಮಾತ್ರ ಮರೆತಿಲ್ಲ. ಈ ಸಲ ತಣ್ಣೀರು, ಅಂಟುವಾಳದ ನೊರೆ. ಸುಮ್ನೆ ಅದ್ದಿ ಹತ್ತು ನಿಮಿಷ ಬಿಟ್ಟೆ, ಅಷ್ಟೇ. ಸೋಡಾ, ಬಾರ್ ಸೋಪು ಬೇಡವೇ ಬೇಡ. ಅವುಗಳ ಕ್ಷಾರ ಉಣ್ಣೆಯನ್ನು ತಿನ್ನುತ್ತೆ.

ಹಿಂಡಲಿಲ್ಲ. ಎರಡು ಕೈಯಲ್ಲಿ ಎತ್ತಿದಾಗ ಭಾರ ಗೊತ್ತಾಯಿತು. ಒಣಗಿದ್ದಾಗ ಅಡುಗೆಮನೆಯ ತಕ್ಕಡಿಯಲ್ಲಿ 410 ಗ್ರಾಂ ಇತ್ತು. ನೀರು ಸೋರಿಹೋದ ಮೇಲೂ ಒಂದೂಕಾಲು ಕೆಜಿ! ಇದನ್ನು ಹಾಕಿಕೊಂಡು ಈಜಿದವರ ಬಗ್ಗೆ ನನಗೆ ಗೌರವ ಬಂತು. ನೇತು ಹಾಕಿದರೆ ತನ್ನ ಭಾರಕ್ಕೇ ಉದ್ದವಾಗುತ್ತೆ. ಅದಕ್ಕೇ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಾಪೆ ಮೇಲೆ ಹರವಿದೆ.

ಬಿಚ್ಚಿದ ಕುಣಿಕೆಗಳನ್ನು ಕ್ರೋಷ ಕಡ್ಡಿಯಿಂದ ಒಂದೊಂದೇ ಮೇಲೇರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ತೂತುಗಳಿಗೆ ಸೂಜಿಯಲ್ಲಿ ಕುಣಿಕೆಯ ದಾರಿಯನ್ನೇ ಹಿಡಿದು ರಫೂ ಮಾಡಿದೆ. ಅಡ್ಡಡ್ಡ ಹೊಲಿದರೆ ಆ ಜಾಗ ಹಿಗ್ಗುವುದಿಲ್ಲ, ಪಕ್ಕದಲ್ಲಿ ಹೊಸ ತೂತು ಬೀಳುತ್ತೆ. ಅದೇ ನೀಲಿ ದಾರ ಎಲ್ಲೂ ಸಿಗಲಿಲ್ಲ. ಇದ್ದದ್ದರಲ್ಲಿ ಒಂದು ಛಾಯೆ ತಿಳಿಬಣ್ಣದ್ದು ತೆಗೆದುಕೊಂಡೆ. ಹತ್ತಿರ ಹಿಡಿದರೆ ಏಳೂ ಕಡೆ ಕಾಣುತ್ತೆ. ಕಾಣಲಿ. ಗುಂಡಿಗಳನ್ನು ಮುಟ್ಟಲಿಲ್ಲ, ಅವನ್ನು ಹೊಲಿದ ಮೊದಲ ಕೈಯ ದಾರ ಇನ್ನೂ ಗಟ್ಟಿಯಾಗಿದೆ.