ವಕೀಲ್ರು ಪುಕ್ಕಟೆ, ಬಸ್ ಚಾರ್ಜು ಯಾರು ಕೊಡ್ತಾರೆ?

ನಾನು ಚಿಕ್ಕಮಗಳೂರಲ್ಲಿ ಕಾನೂನು ಸೇವಾ ಪ್ರಾಧಿಕಾರದ ಪಿಎಲ್‌ವಿ, ಅಂದ್ರೆ ಅರೆ ಕಾನೂನು ಸ್ವಯಂಸೇವಕಿ. ಕರಿ ಕೋಟು ಇಲ್ಲ, ವಾದ ಮಾಡಂಗಿಲ್ಲ, ತೊಂದ್ರೇಲಿ ಇರೋರನ್ನ ವಕೀಲ್ರ ತನಕ ಮುಟ್ಟಿಸೋದು ನಮ್ ಕೆಲ್ಸ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕಾಫಿ ಕುಯ್ಯೋಕೆ ಬರೋರಿಗೆ ಅಂತ ಸಂತೆ ದಿನ ಕಾನೂನು ನೆರವಿನ ಟೇಬಲ್ ಹಾಕ್ತೀರಲ್ಲ, ಅದಕ್ಕೆ ನಗರಸಭೆ ದುಡ್ಡು ಹೆಂಗೆ ತಗೊಂಡ್ರಿ ಅಂತ ಸುಮಾರು ಜನ ಕೇಳ್ತಿದಾರೆ, ಅದನ್ನೇ ಬರೀತಿದೀನಿ.

ವಕೀಲ್ರ ಫೀಸಿಗೆ ಅಂತ ನಾವು ಒಂದು ರೂಪಾಯಿನೂ ಕೇಳ್ಲಿಲ್ಲ, ಕೇಳೋ ಅವಶ್ಯಕತೆನೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸ್ರು, ಮಕ್ಕಳು, ಎಸ್‌ಸಿ ಎಸ್‌ಟಿ, ಜೀತಕ್ಕೆ ಸಿಕ್ಕೋರು, ಕಸ್ಟಡೀಲಿ ಇರೋರು ಇವ್ರಿಗೆಲ್ಲ ವಕೀಲ್ರು ಪುಕ್ಕಟೆ, ಹೆಂಗಸ್ರಾದ್ರೆ ಆದಾಯ ಎಷ್ಟು ಅಂತನೂ ಕೇಳಂಗಿಲ್ಲ. ಅಮೆರಿಕದಲ್ಲಿ ಇದು ಉಲ್ಟಾ. ಅಲ್ಲಿ ವಲಸೆ ಕೋರ್ಟಲ್ಲಿ ಗಡೀಪಾರು ಕೇಸ್ ಬಿದ್ರೆ ಸರ್ಕಾರಿ ಖರ್ಚಲ್ಲಿ ವಕೀಲ್ರು ಸಿಗೋ ಹಕ್ಕೇ ಇಲ್ಲ, ಅದಕ್ಕೇ ನ್ಯೂಯಾರ್ಕ್ ಸಿಟಿ ಕೌನ್ಸಿಲ್ 2013ರಲ್ಲಿ 5 ಲಕ್ಷ ಡಾಲರ್ ಎತ್ತಿಟ್ಟು, ಬಂಧನದಲ್ಲಿರೋ ವಲಸಿಗರಿಗೆ ವಕೀಲ್ರನ್ನ ಕೊಡೋ ಪ್ರಾಯೋಗಿಕ ಯೋಜನೆ ಶುರು ಮಾಡ್ತು. ನಗರಸಭೆ ಬಜೆಟ್ ಪೂರ್ವಭಾವಿ ಸಭೇಲಿ ನಾನು ಇದನ್ನ ಹೇಳಿದ್ದಕ್ಕೆ ಹಿಂದ್ಗಡೆಯಿಂದ ಒಬ್ರು "ನ್ಯೂಯಾರ್ಕ್ ಬಿಡಮ್ಮ, ನಮ್ ವಾರ್ಡಿನ ರೋಡ್ ನೋಡು" ಅಂದ್ರು, ಸಭೆ ಎಲ್ಲ ನಕ್ಕಿತು, ನಾನೂ ನಕ್ಕೆ. ಆದ್ರೆ ಅಲ್ಲಿ ಊರಿನ ದುಡ್ಡು ಹೋಗಿದ್ದು ವಕೀಲ್ರಿಗೆ, ಇಲ್ಲಿ ವಕೀಲ್ರು ಇದಾರೆ, ಅವ್ರ ತನಕ ಬರೋ ದಾರಿ ಖರ್ಚಿಗೆ ಯಾರೂ ಇಲ್ಲ, ಇಷ್ಟೇ ನನ್ ವಾದ.

ದಾರಿ ಖರ್ಚು ಅಂದ್ರೆ ಏನು? ಕೂಲಿ ಬಾಕಿ ಅಂತ ದೂರು ಕೊಡೋಕೆ ತೋಟದಿಂದ ಪೇಟೆಗೆ ಬರ್ಬೇಕು, ಬಂದ್ರೆ ಅವತ್ತಿನ ಕೂಲಿ ಹೋಯ್ತು, ಜೆರಾಕ್ಸು, ಫೋಟೋ, ಅಫಿಡವಿಟ್ಟು, ಇದೆಲ್ಲಕ್ಕಿಂತ ಮೇಲೆ ಅವ್ರು ಹೇಳಿದ್ದನ್ನ ಕನ್ನಡಕ್ಕೆ ಹೇಳೋ ಮನುಷ್ಯ. ಹಿಂದಿ ಸಾಕು ಅಂದ್ಕೊಳ್ತಾರೆ ಎಲ್ರೂ. ಹಿಂದೀಲಿ ಹೂಂ ಹಾಂ ಅಂತಾರೆ ಅಷ್ಟೇ, ಮನೆ ಮಾತು ಸಾದ್ರಿ, ಸಂತಾಲಿ. ಕೇಸಿನ ಅಸಲಿ ವಿಷ್ಯ ಹೊರಗೆ ಬರೋದು ಆ ಮಾತಲ್ಲೇ.

ಒಂದು ಬಟವಾಡೆ, ಅಂದ್ರೆ ಕೂಲಿ ಹಂಚೋದ್ರ ತಕರಾರು ಹೇಳ್ತೀನಿ. ರೋಬಸ್ಟಾ ಕುಯ್ಲು, ಕೆಜಿ ಲೆಕ್ಕ. ಸಂಜೆ ಕಣದಲ್ಲಿ ರೈಟರ್, ಅಂದ್ರೆ ತೋಟದ ಲೆಕ್ಕ ಬರೆಯೋರು, ಚೀಲ ತೂಗಿ ಅವ್ರ ಪುಸ್ತಕದಲ್ಲಿ ಬರ್ಕೊಳ್ತಾರೆ, ಕುಯ್ದೋರ ಕೈಲಿ ಒಂದು ಚೀಟಿನೂ ಇರಲ್ಲ. ಬಟವಾಡೆ ದಿನ ಮುಂಗಡ, ರೈಲ್ ಚಾರ್ಜು, ಅಕ್ಕಿ ಅಂತ ಮುರ್ಕೊಂಡು ಉಳಿದಿದ್ದು ಕೊಟ್ರೆ ಕೇಳೋಕೆ ದಾಖಲೆ ಎಲ್ಲಿದೆ? ಆ ಗ್ಯಾಂಗಲ್ಲಿ ಒಬ್ಳು ಹುಡುಗಿ ದಿನಾ ತಕ್ಕಡಿ ಮುಳ್ಳಿನ ಫೋಟೋ ಮೊಬೈಲಲ್ಲಿ ತೆಗೆದಿಟ್ಟಿದ್ಳು, ಊರಲ್ಲಿರೋ ಗಂಡನಿಗೆ ಇವತ್ತು ಇಷ್ಟು ಕುಯ್ದೆ ಅಂತ ತೋರ್ಸೋಕೆ, ಕೋರ್ಟಿಗೆ ಅಂತ ಅಲ್ಲ. ಫೋಟೋ ಮೇಲೆ ತಾರೀಕು, ಟೈಮು ಎಲ್ಲ ಇತ್ತು. ಅದನ್ನ ಇಟ್ಕೊಂಡು ಲೋಕ್ ಅದಾಲತ್‌ಗೆ ಹೋದ್ವಿ, ರಾಜಿ ಆಯ್ತು. ಅಲ್ಲಿ ರಾಜಿ ಆದ್ರೆ ಸಿವಿಲ್ ಕೋರ್ಟ್ ಡಿಕ್ರಿಗೆ, ಅಂದ್ರೆ ತೀರ್ಪಿಗೆ ಸಮ, ಮೇಲೆ ಅಪೀಲು ಇಲ್ಲ, ಕುಯ್ಲು ಮುಗಿದು ರೈಲು ಹತ್ತೋರಿಗೆ ಇದಕ್ಕಿಂತ ಒಳ್ಳೆ ದಾರಿ ನನಗಂತೂ ಕಾಣಲ್ಲ. ಈಗ ನಮ್ ಟೇಬಲ್ ಹತ್ರ ಬರೋರಿಗೆಲ್ಲ ಮೊದ್ಲು ಹೇಳೋದು ಇದನ್ನೇ, ತಕ್ಕಡಿ ಫೋಟೋ ತೆಗೀರಿ, ದುಡ್ಡು ಫೋನ್‌ಪೇಗೆ ಹಾಕ್ಸ್ಕೊಳಿ.

ಈಗ ದುಡ್ಡಿನ ಕಥೆ. ನಗರಸಭೆ ದುಡ್ಡಲ್ಲಿ ಶೇ 24.10 ಎಸ್‌ಸಿ ಎಸ್‌ಟಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ಎತ್ತಿಡ್ತಾರೆ. ನಾನು ಕಣ್ಣಿಟ್ಟಿದ್ದು 24.10 ಮೇಲೆ, ಬರೋರಲ್ಲಿ ಆದಿವಾಸಿಗಳೇ ಜಾಸ್ತಿ ಅಂತ. ಇಲ್ಲೇ ನೋಡಿ ಮಾರಾಯ್ರೆ ತಮಾಷೆ. ಮುಂಡಾ, ಒರಾಂವ್, ಸಂತಾಲ್ ಜನ ಜಾರ್ಖಂಡಲ್ಲಿ ಎಸ್‌ಟಿ. ಅವ್ರದ್ದೇ ಜನ ಬ್ರಿಟಿಷರ ಕಾಲದಲ್ಲಿ ಟೀ ತೋಟಕ್ಕೆ ಅಂತ ಅಸ್ಸಾಂಗೆ ಹೋಗಿ ಅಲ್ಲೇ ಉಳಿದ್ರಲ್ಲ, ಅವ್ರಿಗೆ ಅಸ್ಸಾಂನಲ್ಲಿ ಎಸ್‌ಟಿ ಸರ್ಟಿಫಿಕೇಟ್ ಇಲ್ಲ. ತೋಟದ ಕೂಲಿಯೋರ ಒಂದೇ ಲೈನ್ ಮನೇಲಿ ಅಕ್ಕಪಕ್ಕ ಇರೋರು, ಒಂದೇ ಮಾತು ಆಡೋರು, ಒಬ್ರ ಹತ್ರ ಕಾಗದ ಇದೆ, ಇನ್ನೊಬ್ರ ಹತ್ರ ಇಲ್ಲ. ಕಾಗದ ಇದ್ದೋರಿಗೂ ಅದು ಜಾರ್ಖಂಡಿನ ಕಾಗದ, ಇಲ್ಲಿನ ಪಟ್ಟಿಗೆ ಸೇರಲ್ಲ. 7.25ಕ್ಕೆ ಹೋದ್ರೆ ವಾರ್ಡಿನ ವಿಳಾಸ ಬೇಕು. ಹಂಗಂತ ನಗರಸಭೆ ಅಧಿಕಾರಿ ಹೇಳಿದ್ದು ಸರಿನೇ, ನಾಳೆ ಆಡಿಟ್‌ನೋರು ಕೇಳಿದ್ರೆ ಫಲಾನುಭವಿ ಯಾರು ಅಂತ ತೋರ್ಸ್ಬೇಕಲ್ಲ.

ಹಂಗಾಗಿ ಫಲಾನುಭವಿ ಅನ್ನೋ ದಾರಿನೇ ಬಿಟ್ಟು ಸೇವೆ ಅಂತ ಕೇಳಿದ್ವಿ, ಯಾರೊಬ್ರ ಹೆಸರಿಗೂ ಏನೂ ಬೇಡ, ಸಂತೆ ಹತ್ರ ಜಾಗ, ಕರೆಂಟು, ಕುಯ್ಲು ಮುಗಿಯೋ ತನಕ ದುಭಾಷಿಗೆ ದಿನಗೂಲಿ. ತೋಟ ಇರೋದು ಗ್ರಾಮ ಪಂಚಾಯ್ತಿ ಲಿಮಿಟಲ್ಲಿ, ನಗರಸಭೆ ಯಾಕೆ ಕೊಡ್ಬೇಕು ಅನ್ನೋ ಪ್ರಶ್ನೆ ಬಂದೇ ಬರುತ್ತೆ, ಉತ್ತರ ರೆಡಿ ಇಟ್ಕೊಳಿ. ನಮ್ ಉತ್ತರ ಏನಂದ್ರೆ, ಕುಯ್ಲು ಮುಗಿದ್ಮೇಲೆ ಇವ್ರಲ್ಲಿ ಎಷ್ಟೋ ಜನ ಊರಿಗೆ ಹೋಗಲ್ಲ, ಪೇಟೇಲೇ ಕಟ್ಟಡ ಕೆಲ್ಸಕ್ಕೆ ನಿಲ್ತಾರೆ. ಕಟ್ಟಡದ ಪ್ಲಾನ್ ಮಂಜೂರು ಮಾಡೋವಾಗ ಕಟ್ಟೋ ಖರ್ಚಿನ ಶೇ 1 ಕಾರ್ಮಿಕ ಸೆಸ್ ವಸೂಲಿ ಆಗೋದು ಇಂಥೋರ ಹೆಸರಲ್ಲೇ. ಆ ದುಡ್ಡು ಕಟ್ಟಡ ಕಾರ್ಮಿಕರ ಮಂಡಳಿಗೆ ಹೋಗುತ್ತೆ, ನಗರಸಭೆ ಮುಟ್ಟಂಗಿಲ್ಲ, ಆದ್ರೆ 90 ದಿನ ಕೆಲ್ಸ ಮಾಡಿದ ದಾಖಲೆ ಇದ್ರೆ ಯಾವ ರಾಜ್ಯದೋರಾದ್ರೂ ನೋಂದಣಿ ಮಾಡಿಸ್ಬಹುದು, ಅದನ್ನೂ ಅದೇ ಟೇಬಲಲ್ಲೇ ಮಾಡ್ತೀವಿ ಅಂದ್ವಿ. ಈ ಮಾತಿಗೆ ಸದಸ್ಯರು ತಲೆ ಎತ್ತಿ ನೋಡಿದ್ರು, ನ್ಯೂಯಾರ್ಕಿಗೆ ನೋಡಿರ್ಲಿಲ್ಲ.

ಜಾಗ, ಕರೆಂಟು ಬೇಗ ಬಂತು. ದುಭಾಷಿ ಕೂಲಿ ಬಂದಿದ್ದು ಅದರ ಮುಂದಿನ ಬಜೆಟ್ಟಲ್ಲಿ, ಅದೂ ನಾವು ಬರೆದುಕೊಟ್ಟಿದ್ದಕ್ಕಿಂತ ಕಮ್ಮಿ. ಅಲ್ಲಿ ತನಕ ಪಾನಿಪೂರಿ ಗಾಡಿ ಇಟ್ಟಿರೋ ಒಬ್ಬ ಹುಡುಗ ಪುಕ್ಕಟೆ ಬಂದು ಹೇಳಿಕೊಡ್ತಿದ್ದ, ಈಗ ಅವನ ಹೆಸರೇ ಮಸ್ಟರ್ ರೋಲಲ್ಲಿ, ಅಂದ್ರೆ ದಿನಗೂಲಿ ಹಾಜರಿ ಪಟ್ಟೀಲಿ ಇದೆ.

ಟೇಬಲ್ ಹತ್ರ ಜಾಸ್ತಿ ಬರೋ ಪ್ರಶ್ನೆ ಕೂಲಿದಲ್ಲ, ರೇಷನ್ದು. ಒನ್ ನೇಷನ್ ಒನ್ ರೇಷನ್ ಕಾರ್ಡಲ್ಲಿ ಅವ್ರ ಊರಿನ ಕಾರ್ಡ್ ನಂಬರಿಗೆ ಇಲ್ಲೇ ಹೆಬ್ಬೆಟ್ಟು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ತಗೋಬಹುದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಿಮ್ ಊರಲ್ಲಿ ಇಂಥ ಟೇಬಲ್ ಹಾಕೋ ಪ್ಲಾನ್ ಇದ್ರೆ ರೇಷನ್ನಿಂದ ಶುರು ಮಾಡಿ, ಅಕ್ಕಿ ಕೇಳೋಕೆ ಬಂದೋರು ಎರಡನೇ ವಾರಕ್ಕೆ ಬಟವಾಡೆ ಮಾತು ತೆಗೀತಾರೆ. ಅರ್ಜಿ ಮಾತ್ರ ಡಿಸೆಂಬರೊಳಗೆ ಕೊಡಿ, ಬಜೆಟ್ ಸಭೆ ಮುಗಿದ್ಮೇಲೆ ಹೋದ್ರೆ ಮುಂದಿನ ವರ್ಷ ನೋಡಣ ಅಂತಾರೆ.