ಬೆಂಡೆ ಮಡಿಯಲ್ಲಿ ಬೆಂಕಿ ಇರುವೆ: ಟೆಕ್ಸಾಸ್ ಹಿತ್ತಲಿನ ನನ್ನ ಅನುಭವ

ಬೆಂಡೆ ಗಿಡ ಮೊಗ್ಗು ಬಿಡುವ ಹೊತ್ತಿಗೆ ನಮ್ಮ ಹಿತ್ತಲಿನಲ್ಲಿ ಬೆಂಕಿ ಇರುವೆಗಳ ಕಾರುಬಾರು ಜೋರಾಗುತ್ತದೆ. ನಾವಿರುವುದು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ. ನಮ್ಮ ಕಡೆಯ ಮಣ್ಣು ಕಪ್ಪು ಎರೆಮಣ್ಣು, ಧಾರವಾಡದ ಹೊಲ ನೋಡಿದವರಿಗೆ ಹೊಸದೇನಲ್ಲ. ಮಳೆಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬೆಂಡೆ, ಬದನೆ, ಹೀರೆ, ಚವಳಿ, ಪುಂಡಿಪಲ್ಯ ಎಲ್ಲ ಇಲ್ಲಿ ಚೆನ್ನಾಗಿ ಬರುತ್ತವೆ. ಜುಲೈನ ಉರಿಬಿಸಿಲಿಗೆ ಟೊಮೆಟೊ ಸೋತು ಕೂತಾಗಲೂ ಬೆಂಡೆ ಮತ್ತು ಪುಂಡಿ ತಲೆ ಎತ್ತಿಯೇ ಇರುತ್ತವೆ. ಇರುವೆಗೆ ಅಚ್ಚುಮೆಚ್ಚು ಅದೇ ಬೆಂಡೆ. ಮೊಗ್ಗನ್ನು ಕೊರೆಯುತ್ತದೆ, ಎಳೆಕಾಯಿಯ ಬುಡ ಕಚ್ಚಿ ರಸ ಹೀರುತ್ತದೆ. ಕಾಯಿ ಡೊಂಕಾಗುತ್ತದೆ, ಇಲ್ಲವೇ ಉದುರುತ್ತದೆ. ಸಾಲದ್ದಕ್ಕೆ, ಎಲೆಯಡಿಯ ಹೇನುಗಳು ಸುರಿಸುವ ಸಿಹಿ ಅಂಟಿನ ಆಸೆಗೆ ಆ ಹೇನುಗಳನ್ನು ಕಾವಲು ಕಾಯುತ್ತದೆ. ಬೀಜ ಬಿತ್ತಿದ ಹೊಸದರಲ್ಲಿ ಮೊಳಕೆಯನ್ನೂ ಬಿಡುವುದಿಲ್ಲ.

ಇದರ ಶಾಸ್ತ್ರೀಯ ಹೆಸರು ಸೊಲೆನಾಪ್ಸಿಸ್ ಇನ್ವಿಕ್ಟಾ. ದಕ್ಷಿಣ ಅಮೆರಿಕದಿಂದ ಹಡಗಿನ ಸರಕಿನ ಜೊತೆ 1930ರ ದಶಕದಲ್ಲಿ ಅಲಬಾಮಾದ ಮೊಬೀಲ್ ಬಂದರಿಗೆ ಬಂತು. ಮುಂದೆ ಜಗತ್ಪ್ರಸಿದ್ಧ ಇರುವೆ ತಜ್ಞರಾದ ಇ.ಒ. ವಿಲ್ಸನ್ 1942ರಲ್ಲಿ, ಇನ್ನೂ ಶಾಲೆಯ ಹುಡುಗನಾಗಿದ್ದಾಗ, ಮೊಬೀಲ್‌ನಲ್ಲೇ ಇದರ ಗೂಡು ಗುರುತಿಸಿ ಬರೆದಿಟ್ಟಿದ್ದರು. 1950ರ ದಶಕದಲ್ಲಿ ಟೆಕ್ಸಾಸ್‌ಗೆ ಕಾಲಿಟ್ಟಿತು. ನಮ್ಮೂರಿನ ಹಿತ್ತಲುಗಳಲ್ಲೂ ಕಚ್ಚುವ ಕೆಂಪಿರುವೆ ಇದೆಯಲ್ಲ, ಅದರಲ್ಲಿ ಸೊಲೆನಾಪ್ಸಿಸ್ ಜೆಮಿನಾಟಾ ಎಂಬ ಜಾತಿ ಇದರ ದಾಯಾದಿ. ಅದೂ ಅಮೆರಿಕ ಖಂಡದ್ದೇ, ಭಾರತಕ್ಕೆ ವಲಸೆ ಬಂದದ್ದು. ತಮಾಷೆ ನೋಡಿ, ಮಧ್ಯ ಟೆಕ್ಸಾಸ್‌ನಲ್ಲಿ ಮೊದಲು ಇದ್ದದ್ದು ಆ ಜೆಮಿನಾಟಾ. ಇನ್ವಿಕ್ಟಾ ಬಂದು ಅದನ್ನು ಬಹುಪಾಲು ಜಾಗದಿಂದ ಓಡಿಸಿಬಿಟ್ಟಿತು.

ಬೇಸಿಗೆ ಕಳೆಯಲು ಊರಿಂದ ಬಂದ ಅವ್ವ ಚಪ್ಪಲಿ ಹಾಕಿಕೊಂಡು ಮೆಂತ್ಯ ಕೀಳಲು ಹೋಗಿ, ಇರುವೆ ಗೂಡಿನ ಮಣ್ಣಿನ ಗುಡ್ಡೆಯ ಅಂಚು ತುಳಿದು, ಪಾದದ ತುಂಬ ಗುಳ್ಳೆ ಮಾಡಿಕೊಂಡಳು. "ಎಂಥಾ ಇರುವಿಯೋ ಇದು, ಒಂದ ಸಲಕ್ಕ ನೂರ ಕಡಿಯಾಕತ್ತಾವು" ಅಂದಳು. ಅವಳು ಹೇಳಿದ್ದು ಸರಿಯೇ ಇತ್ತು. ಇವು ಸದ್ದಿಲ್ಲದೆ ಕಾಲು ಹತ್ತಿ, ಒಂದು ಅಲುಗಾಡಿದರೆ ಎಲ್ಲವೂ ಕಚ್ಚುತ್ತವೆ. ದವಡೆಯಿಂದ ಚರ್ಮ ಹಿಡಿದು, ಹಿಂಭಾಗದ ಮುಳ್ಳಿನಿಂದ ಸುತ್ತ ಹಲವು ಕಡೆ ಚುಚ್ಚುತ್ತವೆ. ಮರುದಿನ ಹೊತ್ತಿಗೆ ಪ್ರತಿ ಚುಚ್ಚಿಗೂ ಒಂದು ಬಿಳಿ ಗುಳ್ಳೆ. ಆ ಗುಳ್ಳೆ ಒಡೆಯಬಾರದು, ಒಡೆದರೆ ಸೋಂಕು. ಇರುವೆ ಹತ್ತಿದ ಕೂಡಲೇ ಬಟ್ಟೆಯಿಂದಲೋ ಕೈಯಿಂದಲೋ ಜೋರಾಗಿ ಒರೆಸಿ ತೆಗೆಯಬೇಕು. ನೀರು ಸುರಿದರೆ ಬಿಡುವುದಿಲ್ಲ, ಹಲ್ಲು ಕಚ್ಚಿ ಹಿಡಿದೇ ಇರುತ್ತವೆ. ಅವ್ವನಿಗೆ ಐಸ್, ಅಲರ್ಜಿ ಮಾತ್ರೆ ಸಾಕಾಯಿತು. ಉಸಿರು ಕಟ್ಟಿದರೆ, ನಾಲಿಗೆ, ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ ಮನೆಮದ್ದಿಗೆ ಕೂರಬೇಡಿ, ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಅವ್ವನ ಸಲಹೆ ಮಾತ್ರ ಬೇರೆ ಇತ್ತು. "ಗ್ಯಾಮಾಕ್ಸಿನ್ ಪುಡಿ ಉಗ್ಗಿಬಿಡೋ, ಮುಗೀತು." ನಮ್ಮ ಬಾಲ್ಯದಲ್ಲಿ ಇರುವೆ ಸಾಲಿಗೆ, ತೊಗರಿ ಹೊಲಕ್ಕೆ, ಒಮ್ಮೊಮ್ಮೆ ಧಾನ್ಯದ ಚೀಲದ ಸುತ್ತಲೂ ಅದನ್ನೇ ಉಗ್ಗುತ್ತಿದ್ದದ್ದು ನಿಜ. ಗ್ಯಾಮಾಕ್ಸಿನ್ ಅಂದರೆ ಬಿಎಚ್‌ಸಿ ಎಂಬ ಕೀಟನಾಶಕ, ಅದನ್ನು ಭಾರತ 1997ರಲ್ಲೇ ನಿಷೇಧಿಸಿದೆ. ಇಲ್ಲಿಯೂ ಅಂಥದೇ ಕಥೆ ನಡೆದಿದೆ. 1957ರಿಂದ ಅಮೆರಿಕದ ಕೃಷಿ ಇಲಾಖೆ ದಕ್ಷಿಣದ ರಾಜ್ಯಗಳ ಮೇಲೆ ವಿಮಾನದಿಂದ ಹೆಪ್ಟಾಕ್ಲೋರ್, ಡೀಲ್ಡ್ರಿನ್ ಎಂಬ ಕೀಟನಾಶಕಗಳನ್ನು ಸುರಿಸಿತು. ಹಕ್ಕಿ ಸತ್ತವು, ಮೀನು ಸತ್ತವು. ಬೆಂಕಿ ಇರುವೆ ಮಾತ್ರ ಮತ್ತೆ ಹಬ್ಬಿತು. ಸ್ಥಳೀಯ ಇರುವೆಗಳೂ ಸತ್ತು ಜಾಗ ಖಾಲಿಯಾದರೆ ಮೊದಲು ಬಂದು ಕೂರುವುದು ಇದೇ. ಮಡಿಗೆ ಸಿಕ್ಕ ಪುಡಿ ಉಗ್ಗಿ ಎಲ್ಲ ಇರುವೆಯನ್ನೂ ಕೊಲ್ಲಬಾರದು ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಅಕ್ಕಪಕ್ಕದವರು ಹೇಳುವ ಉಪಾಯಗಳಿಗೂ ಕೊರತೆಯಿಲ್ಲ. ಜೋಳದ ರವೆ ಹಾಕಿದರೆ ಇರುವೆ ಅದನ್ನು ತಿಂದು, ನೀರು ಕುಡಿದು, ಹೊಟ್ಟೆ ಉಬ್ಬಿ ಸಾಯುತ್ತದಂತೆ. ಬೆಳೆದ ಇರುವೆಗೆ ಗಟ್ಟಿ ಆಹಾರ ನುಂಗಲು ಬರುವುದೇ ಇಲ್ಲ! ಅದು ಕುಡಿಯುವುದು ದ್ರವ ಮಾತ್ರ. ಗಟ್ಟಿಯಾದದ್ದನ್ನು ಅರಗಿಸುವುದು ಗೂಡಿನೊಳಗಿನ ದೊಡ್ಡ ಮರಿಹುಳುಗಳು. ಸೋಡಾ ನೀರು, ಅರಿಶಿನ, ದಾಲ್ಚಿನ್ನಿ ಇವೆಲ್ಲ ಹೆಚ್ಚೆಂದರೆ ಇರುವೆಯನ್ನು ನಾಲ್ಕು ಅಡಿ ಆಚೆ ಸರಿಸುತ್ತವೆ. ಪೈಪಿನಿಂದ ನೀರು ಬಿಟ್ಟು ಮುಳುಗಿಸುತ್ತೇನೆ ಅನ್ನುವವರು 2017ರ ಹಾರ್ವೆ ಚಂಡಮಾರುತದ ಚಿತ್ರಗಳನ್ನು ನೋಡಬೇಕು. ಹ್ಯೂಸ್ಟನ್‌ನ ನೆರೆ ನೀರಿನ ಮೇಲೆ ಇವು ಒಂದಕ್ಕೊಂದು ಹಿಡಿದುಕೊಂಡು, ರಾಣಿ ಮತ್ತು ಮರಿಗಳನ್ನು ಹೊತ್ತು ತೆಪ್ಪದಂತೆ ತೇಲುತ್ತಿದ್ದವು. ಪೆಟ್ರೋಲ್ ಸುರಿಯುವವರ ವಿಷಯ ಬೇಡವೇ ಬೇಡ. ಬೆಂಕಿಯ ಅಪಾಯ ಒಂದು ಕಡೆ, ಆ ಮಣ್ಣಿನಲ್ಲಿ ಬಹುಕಾಲ ಏನೂ ಬೆಳೆಯುವುದಿಲ್ಲ.

ನಾನು ಅನುಸರಿಸುವುದು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಗ್ರಿಲೈಫ್ ವಿಸ್ತರಣಾ ವಿಭಾಗದವರು ಹೇಳುವ ಎರಡು ಹಂತದ ಕ್ರಮ. ಮೊದಲು ಇಡೀ ಹಿತ್ತಲಿಗೆ ತೆಳುವಾಗಿ ಆಮಿಷ ಎರಚುವುದು. ಆಮೇಲೂ ತೊಂದರೆ ಕೊಡುವ ಗೂಡು ಉಳಿದರೆ ಅದನ್ನಷ್ಟೇ ನೋಡಿಕೊಳ್ಳುವುದು. ಕಣ್ಣಿಗೆ ಕಾಣುವ ಗುಡ್ಡೆಯ ಮೇಲೆ ಯುದ್ಧ ಸಾರಿದರೆ ಸಾಯುವುದು ಮೇಲಿನ ಕೆಲಸಗಾರರು ಮಾತ್ರ. ದೊಡ್ಡ ಗೂಡಿನಲ್ಲಿ ಎರಡು ಮೂರು ಲಕ್ಷ ಇರುವೆ ಇರಬಹುದು. ರಾಣಿ ದಿನಕ್ಕೆ ಸಾವಿರದ ಸುಮಾರು ಮೊಟ್ಟೆ ಇಡಬಲ್ಲಳು. ಕೆಲವು ಗೂಡುಗಳಲ್ಲಂತೂ ಒಬ್ಬಳಲ್ಲ, ಹಲವು ರಾಣಿಯರು. ಗುಡ್ಡೆ ಕೆದಕಿದ ಕ್ಷಣವೇ ಅವರನ್ನು ಆಳಕ್ಕೆ ಸಾಗಿಸಿಬಿಡುತ್ತವೆ. ಹಾಗಾಗಿ ರಾಣಿಯ ಬಾಯಿಗೆ ವಿಷ ತಲುಪಿಸುವ ಕೆಲಸವನ್ನು ಇರುವೆಗಳಿಂದಲೇ ಮಾಡಿಸಬೇಕು.

ಆಮಿಷ ಅಂದರೆ ಎಣ್ಣೆ ತೆಗೆದ ಜೋಳದ ನುಚ್ಚಿಗೆ ಸೋಯಾ ಎಣ್ಣೆ ಹೀರಿಸಿ, ಆ ಎಣ್ಣೆಯಲ್ಲಿ ಅತ್ಯಲ್ಪ ಔಷಧ ಬೆರೆಸಿದ್ದು. ಇರುವೆ ನುಚ್ಚನ್ನು ಗೂಡಿಗೆ ಹೊತ್ತು, ಎಣ್ಣೆ ಹೀರಿ, ಬಾಯಿಂದ ಬಾಯಿಗೆ ಹಂಚುತ್ತ ರಾಣಿಯವರೆಗೆ ಮುಟ್ಟಿಸುತ್ತದೆ. ಔಷಧ ನಿಧಾನದ್ದಾಗಿರಬೇಕಾದದ್ದು ಇದಕ್ಕೇ. ಹೊತ್ತವನೇ ದಾರಿಯಲ್ಲಿ ಸತ್ತರೆ ಕೆಲಸ ಕೆಟ್ಟಿತು.

ತರಕಾರಿ ಮಡಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಅಂಗಡಿಯಲ್ಲಿ ಇರುವೆ ಔಷಧದ ಕಪಾಟು ತುಂಬಿರುತ್ತದೆ, ಆದರೆ ಅದರಲ್ಲಿ ಬಹುಪಾಲು ಹುಲ್ಲುಹಾಸಿಗೆ, ಹೂಗಿಡಕ್ಕೆ. ಚೀಲದ ಹಿಂದಿನ ಸಣ್ಣಕ್ಷರ ಓದಿ, 'ತರಕಾರಿ ತೋಟಕ್ಕೆ ಬಳಸಬಹುದು' ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಮಡಿಯೊಳಗೆ. ಈ ದೇಶದಲ್ಲಿ ಲೇಬಲ್ ಮೀರಿ ಬಳಸುವುದು ಕಾನೂನು ಉಲ್ಲಂಘನೆ ಕೂಡ. ನಾನು ಮಡಿಗೆ ಬಳಸುವುದು ಸ್ಪಿನೋಸ್ಯಾಡ್ ಇರುವ ಆಮಿಷ. ಇದು ಮಣ್ಣಿನ ಒಂದು ಬ್ಯಾಕ್ಟೀರಿಯಾ ತಯಾರಿಸುವ ವಸ್ತು. ಆ ಬ್ಯಾಕ್ಟೀರಿಯಾ ಸಿಕ್ಕಿದ್ದು 1982ರಲ್ಲಿ, ಕೆರಿಬಿಯನ್ ದ್ವೀಪವೊಂದರ ಪಾಳುಬಿದ್ದ ರಮ್ ಕಾರ್ಖಾನೆಯ ಮಣ್ಣಿನಲ್ಲಿ. ಸಾವಯವ ಕೃಷಿಗೆ ಒಪ್ಪಿಗೆ ಇರುವ ತಯಾರಿಕೆಗಳೂ ಸಿಗುತ್ತವೆ. ಮಡಿಯಾಚೆಯ ಹುಲ್ಲಿಗೆ ಮೆಥೋಪ್ರೀನ್ ಆಮಿಷ. ಅದು ಕೊಲ್ಲುವುದಿಲ್ಲ, ಹೊಸ ಕೆಲಸಗಾರರು ಹುಟ್ಟದಂತೆ ಮಾಡುತ್ತದೆ. ಗೂಡು ಮುದಿಯಾಗಿ ತಾನೇ ಮುಗಿಯಲು ತಿಂಗಳುಗಳು ಬೇಕು. ಅವಸರದವರಿಗಲ್ಲ, ಆದರೆ ಫಲ ಬಹಳ ದಿನ ಉಳಿಯುತ್ತದೆ.

ಎರಚುವ ಮೊದಲು ಇರುವೆಗೆ ಹಸಿವಿದೆಯೋ ಇಲ್ಲವೋ ನೋಡಬೇಕು. ಇಲ್ಲಿನವರು ಆಲೂ ಚಿಪ್ಸ್ ಇಡುತ್ತಾರೆ. ನಾನು ಡಬ್ಬಿಯ ತಳದ ಚಕ್ಕಲಿ ಚೂರು ಇಡುತ್ತೇನೆ. ಎಣ್ಣೆ ಅಂಶ ಮುಖ್ಯ, ಚಕ್ಕಲಿಯಲ್ಲಿ ಅದಕ್ಕೇನು ಕಮ್ಮಿ! ಇಪ್ಪತ್ತು ಮೂವತ್ತು ನಿಮಿಷದೊಳಗೆ ಮುತ್ತಿದರೆ ಎರಚಬಹುದು. ಮುತ್ತದಿದ್ದರೆ ಆ ದಿನ ಚೀಲ ತೆರೆಯುವುದಿಲ್ಲ. ನೆಲದ ಬಿಸಿ 70ರಿಂದ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 21ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದಾಗ ಇವು ಆಹಾರ ಹುಡುಕಲು ಹೊರಬೀಳುತ್ತವೆ. ಏಪ್ರಿಲ್, ಮೇಯಲ್ಲಿ ಹಗಲಲ್ಲೇ ಆದೀತು. ಜುಲೈ, ಆಗಸ್ಟ್‌ನಲ್ಲಿ ಹೊತ್ತು ಮುಳುಗಿದ ಮೇಲೆಯೇ. ಆಗ ಗುಡ್ಡೆಗಳೂ ಕಾಣೆಯಾಗುತ್ತವೆ. ಎರೆಮಣ್ಣಿನ ಬಿರುಕಿನಲ್ಲಿ ಇಳಿದು ಕೂತಿರುತ್ತವೆ, ಹಿತ್ತಲು ಸ್ವಚ್ಛವಾಯಿತೆಂದು ಮೋಸಹೋಗಬಾರದು. ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ಬೆಳಗಾಗುವುದರೊಳಗೆ ಪುಡಿ ಮಣ್ಣಿನ ಗುಡ್ಡೆಗಳು ಎದ್ದಿರುತ್ತವೆ.

ಎರಚುವ ದಿನ ಹುಲ್ಲು ಒಣಗಿರಬೇಕು, ಮುಂದಿನ ಒಂದು ದಿನ ಮಳೆ ಬರಬಾರದು, ಸ್ಪ್ರಿಂಕ್ಲರ್ ಬಂದ್. ನೀರು ತಾಗಿದ ನುಚ್ಚಿನಿಂದ ಎಣ್ಣೆ ಹೋಗುತ್ತದೆ. ಕೈಯಲ್ಲಿ ತಿರುಗಿಸುವ ಚಿಕ್ಕ ಬೀಜ ಎರಚುವ ಡಬ್ಬಿ ಬಳಸುತ್ತೇನೆ. ಔಷಧಕ್ಕೆ ತಕ್ಕಂತೆ ಎಕರೆಗೆ ಒಂದರಿಂದ ಐದು ಪೌಂಡ್ ಅಷ್ಟೇ ಬೇಕಾಗುವುದು. ನಮ್ಮ ಹಿತ್ತಲಿಗೆ ಹಾಕಿದ್ದು ಕಣ್ಣಿಗೇ ಕಾಣುವುದಿಲ್ಲ. "ಇಷ್ಟ ಹಾಕಿದ್ರ ಏನ್ ಸಾಯ್ತಾವು?" ಎಂದು ಅವ್ವ ಮೂಗು ಮುರಿದಿದ್ದಳು. ಹೆಚ್ಚು ಹಾಕಿದರೆ ಹೆಚ್ಚು ಸಾಯುವುದಿಲ್ಲ, ದುಡ್ಡು ಮಣ್ಣುಪಾಲು ಅಷ್ಟೆ. ಗುಡ್ಡೆಯ ನೆತ್ತಿಯ ಮೇಲೆ ಸುರಿಯುವುದೂ ಬೇಡ. ಇರುವೆ ಗೂಡಿನಿಂದ ದೂರ ನಡೆದು ಆಹಾರ ಹುಡುಕುವಂಥದ್ದು, ನೆತ್ತಿಯ ಮೇಲೆ ಬಿದ್ದದ್ದನ್ನು ಕಸ ಅಂದುಕೊಳ್ಳುತ್ತದೆ. ಗುಡ್ಡೆಯಿಂದ ಒಂದೆರಡು ಅಡಿ ಬಿಟ್ಟು ಸುತ್ತ ಉದುರಿಸಿದರೆ ಚೆಂದ.

ಸ್ಪಿನೋಸ್ಯಾಡ್ ಹಾಕಿದ ಮೇಲೆ ಒಂದೆರಡು ವಾರ ಕೈಕಟ್ಟಿ ಕೂರಬೇಕು. ಕಷ್ಟ ಇದೇ. ನಂತರವೂ ಚಟುವಟಿಕೆ ಇರುವ ಗೂಡು ಮಡಿಯ ಹೊರಗಿದ್ದರೆ ನಾನು ಕುದಿನೀರು ಸುರಿಯುತ್ತೇನೆ. ತಣ್ಣಗಿನ, ಬಿಸಿಲಿರುವ ಬೆಳಗ್ಗೆ ರಾಣಿ, ಮರಿ ಎಲ್ಲ ಮೈ ಕಾಯಿಸಲು ಮೇಲೆ ಬಂದಿರುತ್ತವೆ. ಆಗ ಎರಡು ಮೂರು ಗ್ಯಾಲನ್, ಅಂದರೆ ಎಂಟರಿಂದ ಹನ್ನೊಂದು ಲೀಟರ್ ನೀರು ಕೆದಕದೆ ಒಮ್ಮೆಲೇ ಸುರಿದರೆ ಹತ್ತರಲ್ಲಿ ಆರು ಗೂಡು ಸಾಯುತ್ತವೆ ಎನ್ನುವುದು ಇಲ್ಲಿನ ತಜ್ಞರ ಲೆಕ್ಕ. ಉಳಿದವಕ್ಕೆ ಮತ್ತೊಮ್ಮೆ. ಹಬ್ಬದ ಅಡುಗೆಯ ದೊಡ್ಡ ಪಾತ್ರೆ ಹೊತ್ತು ಹಿತ್ತಲಿಗೆ ನಡೆಯುವುದು ಅಪಾಯದ ಕೆಲಸ. ಮಕ್ಕಳು, ನಾಯಿ ಒಳಗಿರಲಿ, ಕಾಲಿಗೆ ಉದ್ದ ರಬ್ಬರ್ ಬೂಟು ಇರಲಿ. ಗಿಡದ ಬುಡಕ್ಕಂತೂ ಕುದಿನೀರು ಬೇಡ, ಇರುವೆಗಿಂತ ಮೊದಲು ಬದನೆ ಗಿಡ ಸಾಯುತ್ತದೆ.

ಬೇರಿನ ನಡುವೆಯೇ ಗೂಡು ಕಟ್ಟಿದ್ದರೆ, ತರಕಾರಿಗೆ ಒಪ್ಪಿಗೆಯಿರುವ ಸ್ಪಿನೋಸ್ಯಾಡ್ ದ್ರವವನ್ನು ಲೇಬಲ್ಲಿನ ಅಳತೆಗೆ ನೀರಿನಲ್ಲಿ ಕಲಸಿ ಗೂಡಿಗೆ ಹೊಯ್ಯುತ್ತೇನೆ. ಸಂಜೆಯಾಗಿ ಜೇನ್ನೊಣಗಳು ಹಿಂತಿರುಗಿದ ಮೇಲೆ, ಹೂವಿಗೆ ಸಿಡಿಯದಂತೆ. ಹಸಿಯಿರುವಾಗ ಈ ದ್ರವ ಜೇನಿಗೆ ವಿಷ. ಕಾಯಿ ಕೊಯ್ಯಲು ಎಷ್ಟು ದಿನ ಬಿಡಬೇಕೆಂದು ಲೇಬಲ್ಲಿನಲ್ಲಿ ಬೆಳೆವಾರು ಬರೆದಿರುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯ ತಯಾರಿಕೆಗಳೂ ಕೆಲಸ ಮಾಡುತ್ತವೆ, ಆದರೆ ಗಟ್ಟಿಯಾಗಿ ಕಲಸಿದರೆ ಎಲೆ ಸುಡುತ್ತದೆ. ಮನೆಯಲ್ಲೇ ಅಂದಾಜಿನಲ್ಲಿ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಮಡಿಗೆ ಇಳಿಯುವಾಗ ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಬೂಟಿಗೂ ಗುದ್ದಲಿಯ ಹಿಡಿಗೂ ಮಕ್ಕಳ ಟಾಲ್ಕಮ್ ಪೌಡರ್ ಬಳಿದುಕೊಳ್ಳುತ್ತೇನೆ. ಪುಡಿಯ ಮೇಲೆ ಇರುವೆಗೆ ಹಿಡಿತ ಸಿಗುವುದಿಲ್ಲ, ಜಾರಿ ಬೀಳುತ್ತದೆ. ಇದೊಂದು ಸಣ್ಣ ಉಪಾಯ ಅವ್ವನಿಗೆ ಬಹಳ ಹಿಡಿಸಿತು. ಈಗ ಅವಳ ತೋಟದ ಚಪ್ಪಲಿಯ ಜಾಗದಲ್ಲಿ ಪೌಡರ್ ಬಳಿದ ಬೂಟು ಬಂದಿದೆ.

ಒಂದು ಮಾತು ಇರುವೆಯ ಪರವಾಗಿಯೂ ಹೇಳಬೇಕು. ಇದು ಉಣ್ಣಿ ತಿನ್ನುತ್ತದೆ, ಕಾಯಿಕೊರಕ ಹುಳುಗಳನ್ನು ತಿನ್ನುತ್ತದೆ. ಹತ್ತಿ ಹೊಲದವರಿಗೆ ಅದರಿಂದ ಲಾಭವೂ ಇದೆ. ಬೇಲಿಯಾಚೆಯ ಖಾಲಿ ಜಾಗದಲ್ಲಿ ಗೂಡು ಕಂಡರೆ ನಾನು ಹೋಗುವುದಿಲ್ಲ. ಆಸ್ಟಿನ್‌ನಲ್ಲೇ ಟೆಕ್ಸಾಸ್ ವಿಶ್ವವಿದ್ಯಾಲಯದವರು ದಕ್ಷಿಣ ಅಮೆರಿಕದಿಂದ ಇದರ ಶತ್ರು ನೊಣಗಳನ್ನು ತಂದು ಬಿಟ್ಟಿದ್ದಾರೆ. ನೊಣ ಇರುವೆಯೊಳಗೆ ಮೊಟ್ಟೆ ಇಡುತ್ತದೆ, ಮರಿ ಬೆಳೆದು ಇರುವೆಯ ತಲೆ ಉದುರಿಸುತ್ತದೆ. ಅದರ ಭಯಕ್ಕೆ ಇರುವೆ ಹೊರಬರುವುದು ಕಡಿಮೆಯಾಗುತ್ತದೆಯೇ ಹೊರತು ನಮ್ಮ ಹಿತ್ತಲಿನ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ.

ಪೂರ್ತಿ ಹೋಗಲಾಡಿಸುತ್ತೇನೆ ಅನ್ನುವ ಭ್ರಮೆಯೂ ನನಗಿಲ್ಲ. ಮಳೆಯ ಮರುದಿನ ರೆಕ್ಕೆಯ ರಾಣಿಗಳು ಎಲ್ಲಿಂದಲೋ ಹಾರಿಬಂದು ಇಳಿಯುತ್ತವೆ. ಆದ್ದರಿಂದ ವರ್ಷಕ್ಕೆರಡು ಸಲ ಎರಚುವುದು, ವಸಂತದಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಒಮ್ಮೆ. ಎರಡರಲ್ಲಿ ಒಂದನ್ನೇ ಮಾಡಲು ಆಗುವುದಾದರೆ ಶರತ್ಕಾಲದ್ದನ್ನು ಮಾಡಿ, ಮುಂದಿನ ಬಿತ್ತನೆಯ ಹೊತ್ತಿಗೆ ಮಡಿ ಹಗುರಾಗಿರುತ್ತದೆ. ನಮ್ಮ ಸಾಲಿನ ನಾಲ್ಕೈದು ಮನೆಯವರು ಈಗ ಒಂದೇ ವಾರಾಂತ್ಯದಲ್ಲಿ ಎರಚುತ್ತೇವೆ, ಇಲ್ಲದಿದ್ದರೆ ಒಬ್ಬರ ಹಿತ್ತಲಿಂದ ಇನ್ನೊಬ್ಬರ ಹಿತ್ತಲಿಗೆ ದಂಡು ಹೋಗುತ್ತಿರುತ್ತದೆ. ಒಂದೇ ಚೀಲ ತಂದು ಹಂಚಿಕೊಳ್ಳುವುದರಲ್ಲಿ ಇನ್ನೊಂದು ಅನುಕೂಲ: ತೆರೆದಿಟ್ಟ ಆಮಿಷದ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಕಮಟು ನುಚ್ಚನ್ನು ಇರುವೆ ಮೂಸಿಯೂ ನೋಡುವುದಿಲ್ಲ. ಉಳಿದರೆ ಬಾಯಿ ಬಿಗಿದು, ಪೆಟ್ರೋಲ್, ಗೊಬ್ಬರದ ವಾಸನೆ ತಾಗದ ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮುಂದಿನ ವರ್ಷಕ್ಕೆ ಹೊಸ ಚೀಲವನ್ನೇ ತನ್ನಿ.